ಬೀದರ್‌ನಿಂದ ಕಲಬುರಗಿಗೆ ಇಪ್ಪತ್ತೈದು ನಿಮಿಷ

ನಾನು ಬಸವಕಲ್ಯಾಣದ ಒಂದು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ಭೂಮಿ ಗುಂಡಗಿದೆ ಎಂದು ಕೇವಲ ನನ್ನ ಮಾತಿನ ಮೇಲೆ ನಂಬಿದವರು ಈ ತಾಲ್ಲೂಕಿನಲ್ಲಿ ಬಹಳ ಜನ ಇದ್ದಾರೆ. ನಕಾಶೆಯ ಮೇಲೆ ದಾರ ಇಟ್ಟು ಎರಡು ಊರುಗಳ ದೂರ ಅಳೆಯುವುದನ್ನು ಇಷ್ಟು ವರ್ಷಗಳಿಂದ ಕಲಿಸುತ್ತ ಬಂದಿದ್ದೇನೆ. ಹಾಗಾಗಿ ದೂರ ಮತ್ತು ದಿಕ್ಕಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಹುಲಸೂರಿನಿಂದ ಹುಮನಾಬಾದ್‌ವರೆಗೆ ಯಾರೂ ಇಲ್ಲ ಎಂಬ ಅಭಿಪ್ರಾಯ ಊರಲ್ಲಿ ಬೆಳೆದಿತ್ತು. ಊರಲ್ಲಿ ಎಂದರೆ, ಮುಖ್ಯವಾಗಿ ನನ್ನಲ್ಲಿ.

ಈಗ ಹೇಳಹೊರಟಿರುವುದು ನನ್ನ ಮಾವನವರನ್ನು ನಾನು ಕಲಬುರಗಿಗೆ ಕರೆದುಕೊಂಡು ಹೋದ ಕಥೆ.

ಮಾವ ಶಿವಲಿಂಗಪ್ಪನವರು ಹುಮನಾಬಾದಿನವರು. ಗಂಜಿನಲ್ಲಿ, ಅಂದರೆ ದವಸದ ಪೇಟೆಯಲ್ಲಿ, ಬಹಳ ವರ್ಷ ಕಾಳು, ಕೊಬ್ಬರಿಯ ವ್ಯಾಪಾರ ಮಾಡಿ, ಎಂಬತ್ತು ದಾಟಿದ ಮೇಲೆ ಅಂಗಡಿಯನ್ನು ಮಗನ ಕೈಗೆ ಕೊಟ್ಟು ಮನೆ ಮುಂದಿನ ಕಟ್ಟೆಯ ಮೇಲೆ ಕೂತವರು. ಅವರ ಹಿರಿಯ ಮಗಳು ಕಲಾವತಿ ಕಲಬುರಗಿಯಲ್ಲಿದ್ದಾಳೆ, ಕಿರಿಯ ಮಗಳು ಸುವರ್ಣಾ ನನ್ನ ಹೆಂಡತಿ. ಕಲಾವತಿಯ ಮಗಳು ತವರಿಗೆ ಬಂದು ಹೆಣ್ಣು ಕೂಸು ಹಡೆದಿದ್ದಳು. ಮಾವನವರಿಗೆ ಅದು ಮೊದಲ ಮರಿಮೊಮ್ಮಗಳು. ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ ಕಲಬುರಗಿಯಲ್ಲಿ ಇಟ್ಟುಕೊಂಡಿದ್ದರು.

ಹೆಸರಿನದೇ ಒಂದು ತಕರಾರಿತ್ತು. ನಮ್ಮ ಅತ್ತೆ ಕಸ್ತೂರಿಬಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಕೂಸಿಗೆ ಕಸ್ತೂರಿ ಎಂದು ಹೆಸರಿಡಬೇಕು ಎಂದು ಮಾವನವರ ಆಸೆ. ಕೂಸಿನ ಅಪ್ಪನ ಕಡೆಯವರು ರಿಯಾನ್ಷಿ ಎಂದು ಆಗಲೇ ಗೊತ್ತುಮಾಡಿ, ಅದನ್ನು ಗೋಡೆಗೆ ಅಂಟಿಸಲು ಹೊಳೆಯುವ ಅಕ್ಷರಗಳನ್ನೂ ತರಿಸಿದ್ದರು. ಹಿರಿಯರೆಲ್ಲ ಕೂತು ಒಂದು ದಾರಿ ಹುಡುಕಿದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಮೊದಲು ಮುತ್ಯಾ, ಅಂದರೆ ಮಾವನವರು, ತಾವೇ ಬಂದು ಕಿವಿಯಲ್ಲಿ ಕಸ್ತೂರಿ ಎಂದು ಹೇಳಲಿ, ಮನೆಯಲ್ಲಿ ಕರೆಯುವ ಹೆಸರು ಅದೇ ಆಗಲಿ, ಆಮೇಲೆ ಸೋದರತ್ತೆ ತಮ್ಮ ಕಡೆಯ ಹೆಸರು ಹೇಳಲಿ, ಶಾಲೆಗೆ ಅದು ಇರಲಿ ಎಂದು ಒಪ್ಪಿಗೆಯಾಯಿತು. ಮುತ್ಯಾ ಬರದಿದ್ದರೆ ಏನು ಎಂದು ಯಾರೋ ಕೇಳಿದ್ದಕ್ಕೆ, ಬಂದೇ ಬರುತ್ತಾರೆ, ಅರವತ್ತು ಕಿಲೋಮೀಟರ್ ದೂರದ ಊರು ಎಂದು ಎಲ್ಲರೂ ನಕ್ಕರಂತೆ.

ಆದರೆ ಮಾವನವರು ಅದೇ ವಾರ ಅಂಗಳದಲ್ಲಿ ಜಾರಿ ಬಿದ್ದು ನಡ ಉಳುಕಿಸಿಕೊಂಡರು. ಮೂಳೆಗೇನೂ ಆಗಿರಲಿಲ್ಲ. ಓಡಾಡಬಹುದು, ಆದರೆ ಕುಲುಕಾಟ ಬೇಡ ಎಂದರು ಡಾಕ್ಟರು. ಆ ದಿನಗಳಲ್ಲಿ ಹುಮನಾಬಾದ್‌ನಿಂದ ಕಲಬುರಗಿಗೆ ಹೋಗುವ ರಸ್ತೆಯನ್ನು ಅಲ್ಲಲ್ಲಿ ಅಗೆದು ಬಿಟ್ಟಿದ್ದರು, ಕುಲುಕಾಟವಲ್ಲದೆ ಅದರಲ್ಲಿ ಬೇರೇನೂ ಇರಲಿಲ್ಲ. ಕಲಾವತಿಯ ಗಂಡ ವಿಶ್ವನಾಥ, ಅಂದರೆ ನನ್ನ ಷಡ್ಡಕ, ಫೋನು ಮಾಡಿ ತನ್ನ ಹೊಸ ಕಾರು ಕಳಿಸುವುದಾಗಿಯೂ, ಅದರಲ್ಲಿ ಹಿಂದೆ ಮಲಗಿಕೊಂಡು ಬರುವಷ್ಟು ಜಾಗ ಇದೆಯೆಂದೂ, ಚಾಲಕನಿಗೆ ಎತ್ತಿನ ಗಾಡಿಯಂತೆ ಓಡಿಸಲು ಹೇಳುವುದಾಗಿಯೂ ತಿಳಿಸಿದ.

ಇಲ್ಲಿ ನನ್ನ ಮತ್ತು ವಿಶ್ವನಾಥನ ಸಂಬಂಧದ ಬಗ್ಗೆ ಹೇಳಬೇಕು. ನಮ್ಮ ನಡುವೆ ಜಗಳ ಎಂಬುದು ಎಂದೂ ಆಗಿಲ್ಲ. ಅವನು ಸಿಮೆಂಟಿನ ವ್ಯಾಪಾರಿ, ನಾನು ಮಾಸ್ತರ. ಮಾವನ ಮನೆಗೆ ಅವನು ಹಣ್ಣಿನ ಬುಟ್ಟಿ ತಂದರೆ ನಾನು ಕ್ಯಾಲೆಂಡರ್ ತರುತ್ತೇನೆ. ಮಾವನವರು ಇಬ್ಬರಿಗೂ ಒಂದೇ ರೀತಿ ಚಹಾ ಹೇಳುತ್ತಾರೆ. ಆದರೂ ಅವನ ಕಾರಿನ ಸದ್ದು ಓಣಿಯಲ್ಲಿ ಕೇಳಿದೊಡನೆ ನಾನು ತಂದ ಕ್ಯಾಲೆಂಡರನ್ನು ಗೋಡೆಯ ಮೇಲೆ ಇನ್ನೊಮ್ಮೆ ನೇರ ಮಾಡುತ್ತೇನೆ. ಈ ಸಲ ಕಾರಿನ ಮಾತು ಕೇಳಿಯೇ ಬೇರೆ ದಾರಿ ಹುಡುಕತೊಡಗಿದೆ.

ಆ ಸಂಜೆ ಫೋನಿನಲ್ಲಿ ಒಂದು ಪುಟ ನನ್ನ ಕಣ್ಣಿಗೆ ಬಿತ್ತು. ಯಾವುದೇ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಅದು ತಿಳಿಸುತ್ತಿತ್ತು. ಬೀದರ್‌ನಲ್ಲಿ ಒಂದು ವಿಮಾನ ನಿಲ್ದಾಣ ಇದೆ, ಕಲಬುರಗಿಯಲ್ಲಿ ಒಂದಿದೆ. ಎರಡನ್ನೂ ಕೊಟ್ಟೆ. ದೂರ ತೊಂಬತ್ತು ಕಿಲೋಮೀಟರಿಗೂ ಕಡಿಮೆ, ಹಾರಾಟ ಇಪ್ಪತ್ತೈದು ನಿಮಿಷ ಎಂದು ಬಂತು. ನಾನು ಎದ್ದು ನಕಾಶೆ ತಂದು ದಾರ ಇಟ್ಟು ನೋಡಿದೆ. ದೂರ ಸರಿಯಾಗಿತ್ತು. ವಿಜ್ಞಾನ ನನ್ನ ಪರವಾಗಿ ನಿಂತಿತ್ತು!

ನನ್ನ ಯೋಜನೆ ಇಷ್ಟು ಸರಳವಾಗಿತ್ತು. ಹುಮನಾಬಾದ್‌ನಿಂದ ಬೀದರ್‌ವರೆಗೆ ಹೆದ್ದಾರಿ ನುಣ್ಣಗಿದೆ, ಒಂದು ಗಂಟೆಯ ದಾರಿ. ಅಲ್ಲಿಂದ ಮೋಡದ ಮೇಲೆ ಇಪ್ಪತ್ತೈದು ನಿಮಿಷ. ಮೋಡದಲ್ಲಿ ಯಾರೂ ರಸ್ತೆ ಅಗೆದಿರುವುದಿಲ್ಲ. ಮಾವನವರ ನಡ ಅಲುಗಾಡುವುದಿಲ್ಲ, ವಿಶ್ವನಾಥನ ಕಾರು ಅವನ ಮನೆ ಮುಂದೆಯೇ ನಿಂತಿರುತ್ತದೆ.

ಸುವರ್ಣಾ ಇದನ್ನು ಕೇಳಿ ಒಗ್ಗರಣೆ ಹಾಕುತ್ತಿದ್ದ ಕೈ ನಿಲ್ಲಿಸಿದಳು. ಹುಮನಾಬಾದ್‌ನಿಂದ ಕಲಬುರಗಿ ಈ ಕಡೆ, ಬೀದರ್ ಆ ಕಡೆ ಅಲ್ಲವೇ ಎಂದು ಸೌಟಿನಿಂದಲೇ ದಿಕ್ಕು ತೋರಿಸಿದಳು.

"ಕಲಬುರಗಿಗೆ ಹೋಗೋರು ಮೊದಲ ಕಲಬುರಗಿಗೆ ಬೆನ್ನು ಮಾಡಿ ಹೋಗಬೇಕೇನ್ರಿ?" ಎಂದಳು.

ಜಾಗತಿಕ ವಿಮಾನಯಾನದಲ್ಲಿ ಇದು ಸಾಮಾನ್ಯ ಎಂದು ನಾನು ವಿವರಿಸಿದೆ. ಸಾಸಿವೆ ಸಿಡಿದು ಮುಗಿಯುವಷ್ಟು ದೀರ್ಘವಾಗಿ ವಿವರಿಸಿದೆ. ಅವಳು ಕೊನೆಗೆ, ತಾನು ಎರಡು ದಿನ ಮೊದಲೇ ಬಸ್ಸಿಗೆ ಹೋಗಿ ಅಕ್ಕನ ಕೆಲಸಕ್ಕೆ ಕೈಜೋಡಿಸುವುದಾಗಿಯೂ, ಅಪ್ಪನನ್ನು ಜೋಪಾನವಾಗಿ ತಂದರೆ ಸಾಕೆಂದೂ ಹೇಳಿ ಒಗ್ಗರಣೆಯನ್ನು ಸಾರಿಗೆ ಸುರಿದಳು.

ಟಿಕೆಟ್ಟನ್ನು ನಾನೇ ಫೋನಿನಲ್ಲಿ ತೆಗೆದೆ. ಬೀದರ್‌ನಿಂದ ಹೊರಡುವುದು ಹನ್ನೆರಡು ಹತ್ತಕ್ಕೆ, ಕಲಬುರಗಿ ಮುಟ್ಟುವುದು ಹನ್ನೆರಡು ಮೂವತ್ತೈದಕ್ಕೆ. ನಡುವೆ ಕರಾರುವಾಕ್ಕಾಗಿ ಇಪ್ಪತ್ತೈದು ನಿಮಿಷ! ಆ ಪುಟ ಹೇಳಿದ್ದಕ್ಕೂ ಟಿಕೆಟ್ಟು ಹೇಳಿದ್ದಕ್ಕೂ ಒಂದು ನಿಮಿಷದ ಅಂತರವಿರಲಿಲ್ಲ. ತಲುಪುವ ಹೊತ್ತಿನ ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ 'ಪ್ಲಸ್ ಒಂದು' ಎಂಬ ಗುರುತಿತ್ತು. ನನ್ನ ಜೊತೆಗೆ ಇನ್ನೊಬ್ಬರು, ಅಂದರೆ ಮಾವನವರು, ಇದ್ದಾರೆ ಎಂದು ಅದರ ಅರ್ಥ ಮಾಡಿಕೊಂಡೆ. 'ಒಂದು ಸ್ಟಾಪ್' ಎಂದೂ ಬರೆದಿತ್ತು. ವಿಮಾನ ಬೆಂಗಳೂರಿಗೆ ಹೋಗುವುದಿರಬೇಕು, ನಡುವೆ ಕಲಬುರಗಿಯಲ್ಲಿ ನಮ್ಮನ್ನು ಇಳಿಸುವ ಸ್ಟಾಪು ಅದು ಎಂದುಕೊಂಡೆ. ನಮ್ಮ ಬಸ್ಸುಗಳು ಹೋಗುವುದು ಹಾಗೆಯೇ ತಾನೆ?

ವಿಶ್ವನಾಥನಿಗೆ ಫೋನು ಮಾಡಿ, ಕಾರು ಬೇಡ, ನಾವು ವಿಮಾನದಲ್ಲಿ ಬರುತ್ತೇವೆ, ಬೇಕಿದ್ದರೆ ನಿಲ್ದಾಣಕ್ಕೆ ಬಂದು ನಿಂತಿರು ಎಂದು ಸಾಧ್ಯವಾದಷ್ಟು ಸಾದಾ ದನಿಯಲ್ಲಿ ಹೇಳಿದೆ. ವಿಮಾನದಲ್ಲೇ ಎಂದು ಅವನು ಎರಡು ಸಲ ಕೇಳಿದ. ಆ ಪ್ರಶ್ನೆಯನ್ನು ನಾನು ಎರಡು ದಿನ ನೆನೆನೆನೆದು ಸವಿದೆ.

ಕಾರ್ಯದ ದಿನ ಬೆಳಿಗ್ಗೆ ನಾನು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಮಾವನವರನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡೆ. ಹೊಸ ಧೋತರ, ಬಿಳಿ ಅಂಗಿ, ತಲೆಗೆ ಟೋಪಿ, ಸೊಂಟಕ್ಕೆ ಡಾಕ್ಟರು ಕೊಟ್ಟ ಪಟ್ಟಿ. ಕೈಯಲ್ಲಿ ಒಂದು ಚೀಲ. ಅದರಲ್ಲಿ ಬಾಣಂತಿಗೆ ಅಂಟಿನ ಉಂಡಿ, ಕೂಸಿಗೆ ಬೆಳ್ಳಿಯ ಕಾಲ್ಗಡಗ, ಉಡಿ ತುಂಬಲಿಕ್ಕೆ ಉತ್ತತ್ತಿ, ಕೊಬ್ಬರಿ ಬಟ್ಟಲು. ಓಣಿಯ ಹೆಣ್ಣುಮಕ್ಕಳು ಹೊರಗೆ ಬಂದು ನೋಡಿದರು. ಎಲ್ಲಿಗೆ ಎಂದು ಕೇಳಿದವರಿಗೆ ಮಾವನವರು ಕಲಬುರಗಿಗೆ ಎಂದರು. ಕಾರು ಬೀದರ್ ಕಡೆ ತಿರುಗಿದಾಗ ಅವರು ಒಮ್ಮೆ ಹಿಂದೆ ಹೊರಳಿ ನೋಡಿ, ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕೂತರು. ಮಾಸ್ತರನಾದ ಅಳಿಯನ ಮೇಲೆ ಅವರಿಗೆ ಅಂಥ ವಿಶ್ವಾಸ.

ಮನ್ನಾಏಖೇಳ್ಳಿ ದಾಟುವಾಗ ನಾನು ಅವರಿಗೆ ಹಾರಾಟದ ದಾರಿಯನ್ನು ತಿಳಿಸಿದೆ. ಇದೇ ಊರು ಮೇಲಿನಿಂದ ಕಾಣುತ್ತದೆ, ಆಮೇಲೆ ಕೊಡಂಬಲ ಬರುತ್ತದೆ, ಕಿಟಕಿಯಿಂದ ನೋಡಿ ಎಂದೆ. ಕೊಡಂಬಲದಲ್ಲಿ ಮಾವನವರ ಅಕ್ಕನ ಮಕ್ಕಳ ಹೊಲ ಇದೆ. ಮೇಲಿಂದ ನೋಡಿದರೆ ತೊಗರಿ ಗುರುತು ಸಿಗುತ್ತದೆಯೇ ಎಂದು ಅವರು ವಿಚಾರಿಸಿದರು. ಖಂಡಿತ ಸಿಗುತ್ತದೆ ಎಂದೆ.

ಬೀದರ್ ನಿಲ್ದಾಣದಲ್ಲಿ ಮೊದಲ ತೊಂದರೆ ಕೊಬ್ಬರಿಯಿಂದ ಬಂತು. ತಪಾಸಣೆಯವರು ಕೊಬ್ಬರಿ ಬಟ್ಟಲನ್ನು ಹೊರಗೆ ತೆಗೆದಿಟ್ಟು, ಇದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಎಣ್ಣೆಯಂಶ ಇದೆ, ಬೆಂಕಿ ಹತ್ತುತ್ತದೆ ಎಂದರು. ಮಾವನವರಿಗೆ ಇದು ಅರ್ಥವಾಗಲಿಲ್ಲ. ಅರವತ್ತು ವರ್ಷ ಅಂಗಡಿಯಲ್ಲಿ ಮೂಟೆಗಟ್ಟಲೆ ಕೊಬ್ಬರಿ ಇಟ್ಟಿದ್ದೇನೆ, ಒಂದು ದಿನವೂ ಹೊಗೆ ಸಹ ಬಂದಿಲ್ಲ ಎಂದು ಅವರು ಶಾಂತವಾಗಿ ವಾದಿಸಿದರು. ಕಡೆಗೆ, ಬಿಟ್ಟುಹೋಗುವುದಕ್ಕಿಂತ ತಿನ್ನುವುದು ಮೇಲೆಂದು ಬಟ್ಟಲನ್ನು ನೆಲಕ್ಕೆ ಕುಟ್ಟಿ ಒಡೆದು, ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿದರು. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು. ತಪಾಸಣೆಯವರೂ ಒಂದು ಚೂರು ತೆಗೆದುಕೊಂಡರು.

ಅದಕ್ಕೂ ಮೊದಲು, ಬೋರ್ಡಿಂಗ್ ಪಾಸು ಕೊಡುವ ಕಡೆ ಒಬ್ಬ ಹೆಣ್ಣುಮಗಳು ನನಗೆ ಇಂಗ್ಲಿಷಿನಲ್ಲಿ ಏನೋ ವೇಗವಾಗಿ ಹೇಳಿದ್ದಳು. ಅದರಲ್ಲಿ ಬೆಂಗಳೂರು ಎಂಬ ಶಬ್ದ ಇತ್ತು, ನಾಳೆ ಎಂಬ ಅರ್ಥದ ಶಬ್ದವೂ ಇತ್ತೆಂದು ಈಗ ನೆನಪಾಗುತ್ತದೆ. ಹಿಂದೆ ಜನ ನಿಂತಿದ್ದರು, ಮಾವನವರು ಪಕ್ಕದಲ್ಲಿ ಹೆಮ್ಮೆಯಿಂದ ನನ್ನನ್ನು ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ 'ಏನಂದಿರಿ' ಎಂದು ಕೇಳಲು ಮನಸ್ಸು ಬರಲಿಲ್ಲ. ಗಂಭೀರವಾಗಿ ತಲೆಯಾಡಿಸಿ ಯಸ್ ಎಂದೆ. ಅವಳು ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಯಸ್ ಎಂದೆ.

ವಿಮಾನ ಹೊತ್ತಿಗೆ ಸರಿಯಾಗಿ ಮೇಲೆದ್ದಿತು. ಮಾವನವರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನನ್ನ ಮೊಣಕೈ ಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ಮೊಣಕೈ ಬಿಟ್ಟು ಕಿಟಕಿಗೆ ಹಣೆ ಹಚ್ಚಿದರು. ನಾನು ಗಡಿಯಾರ ನೋಡಿಕೊಂಡು ಕೂತೆ. ಇಪ್ಪತ್ತು ನಿಮಿಷ ಆದಾಗ, ಇನ್ನು ಇಳಿಯುವುದು ಬಂತು, ಟೋಪಿ ಸರಿ ಮಾಡಿಕೊಳ್ಳಿ ಎಂದೆ. ಅವರು ಸರಿ ಮಾಡಿಕೊಂಡರು. ಮೂವತ್ತು ನಿಮಿಷವಾಯಿತು. ವಿಮಾನ ಇಳಿಯುವ ಬದಲು ಚಹಾ ಮಾರಲು ಶುರುಮಾಡಿತು. ಗಾಳಿ ಎದುರಿನದಿರಬೇಕು ಎಂದು ನಾನು ಹೇಳಿದೆ.

"ಮಾಸ್ತರ, ಕೊಡಂಬಲ ಬರಲೇ ಇಲ್ಲಲ್ಲ," ಎಂದರು ಮಾವ, ಕಿಟಕಿಯಿಂದ ಮುಖ ತೆಗೆಯದೆ. "ಕೆಳಗ ದೊಡ್ಡ ಹೊಳಿ ಕಾಣಾಕತ್ತದ. ಹಿಂದ ಒಂದು ಹೋತು, ಇದು ಎರಡನೇದು."

ನಾನು ಬಾಗಿ ನೋಡಿದೆ. ಬೀದರ್ ಮತ್ತು ಕಲಬುರಗಿಯ ನಡುವೆ ಅಂಥ ಎರಡು ಹೊಳೆಗಳನ್ನು ನಾನು ಯಾವ ತರಗತಿಗೂ ಕಲಿಸಿರಲಿಲ್ಲ. ಮನಸ್ಸಿನಲ್ಲೇ ನಕಾಶೆ ಬಿಡಿಸಿ ನೋಡಿದೆ. ಒಂದು ಕೃಷ್ಣೆ, ಇನ್ನೊಂದು ತುಂಗಭದ್ರೆ. ಅವೆರಡನ್ನೂ ದಾಟಿದ ಮೇಲೆ ಕಲಬುರಗಿ ಸಿಗುವುದು ಭೂಮಿಯನ್ನು ಒಂದು ಸುತ್ತು ಪೂರ್ತಿ ಬಂದರೆ ಮಾತ್ರ.

ಗಗನಸಖಿಯನ್ನು ಕರೆದು, ಕಲಬುರಗಿ ಸ್ಟಾಪು ಹೋಯಿತೇ ಎಂದು ಕೇಳಿದೆ. ಅವಳು ನಗಲಿಲ್ಲ, ಅದಕ್ಕೆ ಅವಳಿಗೆ ತರಬೇತಿ ಇರಬೇಕು. ಈ ವಿಮಾನ ನೇರ ಬೆಂಗಳೂರಿಗೆ, ಅಲ್ಲಿಂದ ಕಲಬುರಗಿಗೆ ಬೇರೆ ವಿಮಾನ ಎಂದಳು. ನನ್ನ ಟಿಕೆಟ್ಟು ನೋಡಿ, ಆ ಇರುವೆಯಷ್ಟು ಗುರುತಿನ ಮೇಲೆ ಉಗುರಿಟ್ಟು, ಪ್ಲಸ್ ಒಂದು ಅಂದರೆ ಮರುದಿನ ಸರ್ ಎಂದಳು. ಬೀದರ್‌ನಿಂದ ಕಲಬುರಗಿಗೆ ಇಪ್ಪತ್ತೈದು ನಿಮಿಷ ಅಲ್ಲ, ಒಂದು ದಿನ ಇಪ್ಪತ್ತೈದು ನಿಮಿಷ. ಆ ಪುಟ ಎರಡು ನಿಲ್ದಾಣಗಳ ನಡುವೆ ಹಾರಿದರೆ ಎಷ್ಟು ಹೊತ್ತು ಎಂದು ಹೇಳಿತ್ತೇ ವಿನಾ, ಯಾರಾದರೂ ಹಾರುತ್ತಾರೆ ಎಂದು ಹೇಳಿರಲಿಲ್ಲ.

ಕಾರ್ಯ ನಾಲ್ಕು ಗಂಟೆಗಿತ್ತು.

ಮಾವನವರಿಗೆ ವಿಷಯ ತಿಳಿಸುವುದನ್ನು ನೆಲ ಮುಟ್ಟುವವರೆಗೂ ಮುಂದೂಡಿದೆ. ಬೆಂಗಳೂರು ನಿಲ್ದಾಣದೊಳಗೆ ಬಹಳ ದೂರ ನಡೆಯಬೇಕಾಯಿತು. ಅವರು ನಡ ಹಿಡಿದುಕೊಂಡು ನಿಧಾನವಾಗಿ ಬರುತ್ತ, ಕಲಬುರಗಿಯವರು ಇಷ್ಟು ದೊಡ್ಡದು ಯಾಕೆ ಕಟ್ಟಿದರು ಎಂದು ಕೇಳಿದರು. ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಎದುರು ನಿಂತು, ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗನಂತೆ ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಚೀಲದ ಬಾಯಿಯ ದಾರವನ್ನು ಬಿಚ್ಚಿ ಕಟ್ಟಿದರು, ಮತ್ತೆ ಬಿಚ್ಚಿ ಕಟ್ಟಿದರು. ಹಾಗಾದರೆ ಇವತ್ತು ಮುಟ್ಟುವುದಿಲ್ಲ ಎಂದರು. ಇಲ್ಲ ಎಂದೆ. ಸರಿ, ಸೋದರತ್ತೆ ಹುಡುಗಿ ತಮ್ಮ ಕಡೆಯ ಹೆಸರು ಹೇಳಿಬಿಡಲಿ, ಕೂಸನ್ನು ಎಷ್ಟು ಹೊತ್ತು ಕಾಯಿಸುವುದು ಎಂದರು. ಹೀಗೆ ಹೇಳಿ ಬೇರೆ ಕಡೆ ಮುಖ ತಿರುಗಿಸಿದರು. ಇಷ್ಟು ವರ್ಷಗಳಲ್ಲಿ ಅವರ ಮುಖ ಹಾಗೆ ಸಣ್ಣಗಾದದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ, ಅತ್ತೆಯವರನ್ನು ಮನೆಯಿಂದ ಎತ್ತಿದ ದಿನ.

ನನ್ನ ಫೋನು ಆಗಲೇ ಅಲುಗಾಡುತ್ತಿತ್ತು. ವಿಶ್ವನಾಥ ಕಲಬುರಗಿ ನಿಲ್ದಾಣದ ಬಾಗಿಲಲ್ಲಿ ಹಾರ ಹಿಡಿದುಕೊಂಡು ಒಂದು ಗಂಟೆಯಿಂದ ನಿಂತಿದ್ದ.

"ಮಾಸ್ತರ, ಬೀದರಿಂದ ಇಲ್ಲಿಗೆ ವಿಮಾನನೇ ಇಲ್ಲಂತಾರಲ್ರಿ. ನೀವು ಎಲ್ಲಿದ್ದೀರಿ?"

"ಬೆಂಗಳೂರಿನಾಗ," ಎಂದೆ.

ಇವತ್ತಿನಿಂದ ನನ್ನ ಉಳಿದ ಆಯುಷ್ಯದವರೆಗೆ ಪ್ರತಿ ಹಬ್ಬದ ಊಟದಲ್ಲೂ ಇದು ಬಡಿಸಲ್ಪಡುತ್ತದೆ ಎಂದು ನಾನು ಕಣ್ಣು ಮುಚ್ಚಿ ಕಾದೆ. ಆದರೆ ವಿಶ್ವನಾಥ ನಗಲಿಲ್ಲ. ಮಾವನವರ ನಡ ಹೇಗಿದೆ ಎಂದು ಕೇಳಿದ. ಊಟ ಆಯಿತೇ ಎಂದು ಕೇಳಿದ. ಆಮೇಲೆ ಸ್ವಲ್ಪ ಯೋಚಿಸಿ, ಹೆಸರು ಫೋನಿನಲ್ಲಿ ಹೇಳಿದರೂ ಕೂಸಿಗೆ ಕೇಳುತ್ತದೆ, ನಾನು ಮನೆಗೆ ಹೋಗಿ ಎಲ್ಲರಿಗೂ ಹೇಳಿ ಸರಿ ಮಾಡುತ್ತೇನೆ, ನಾಲ್ಕಕ್ಕೆ ಫೋನು ಹಚ್ಚುತ್ತೇನೆ, ನೀವು ಗದ್ದಲ ಇಲ್ಲದ ಒಂದು ಜಾಗ ನೋಡಿ ಇಟ್ಟುಕೊಳ್ಳಿ ಎಂದ. ಅವನು ಹಂಗಿಸಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆ ನಿಲ್ದಾಣದಲ್ಲಿ ಗದ್ದಲ ಇಲ್ಲದ ಜಾಗ ಹುಡುಕುವುದು ಸುಲಭವಲ್ಲ. ಎಲ್ಲಿ ನಿಂತರೂ ತಲೆಯ ಮೇಲಿನಿಂದ ಒಬ್ಬಾಕೆ ಯಾವುದೋ ಊರಿಗೆ ಹೊರಡಲು ಹೇಳುತ್ತಿದ್ದಳು. ಕೊನೆಗೆ ಸಾಮಾನಿನ ಗಾಡಿಗಳನ್ನು ಒಂದರೊಳಗೊಂದು ಸೇರಿಸಿ ನಿಲ್ಲಿಸುವ ಮೂಲೆಯಲ್ಲಿ, ಒಂದು ದಪ್ಪ ಕಂಬದ ಹಿಂದೆ, ಸ್ವಲ್ಪ ಶಾಂತಿ ಸಿಕ್ಕಿತು. ಮಾವನವರನ್ನು ಅಲ್ಲಿಗೆ ಕರೆತಂದೆ. ಅವರು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಟೋಪಿ ತೆಗೆದು ತಲೆ ಸವರಿಕೊಂಡು, ಮತ್ತೆ ಹಾಕಿಕೊಂಡರು. ಫೋನು ಬರಲು ಇನ್ನೂ ಹೊತ್ತಿತ್ತು.

"ಒಂದು ಮಾತು ಹೇಳಲೇನು ಮಾಸ್ತರ," ಎಂದರು. "ನಾ ಆಕಿ ಹೆಸರು ಎಂದೂ ಬಾಯಿಲೆ ಹೇಳಿದಾಂವ ಅಲ್ಲ. ಬಾ ಅಂದೆ, ಕೇಳಾಕತ್ತೇನು ಅಂದೆ, ಹಾಂಗೇ ಜನ್ಮ ಹೋತು. ಇವತ್ತು ಬೀಗರ ಮುಂದ, ಮಕ್ಕಳ ಮುಂದ ಆ ಹೆಸರು ಹ್ಯಾಂಗ ಹೇಳಲಿ ಅಂತ ಮೂರು ದಿನಾ ನಿದ್ದಿ ಇಲ್ಲ ನನಗ. ಇಲ್ಲಿ ಯಾರೂ ನಮ್ಮವರಿಲ್ಲ. ಛಲೋನೇ ಆತು."

ನಾನು ಬಾಗಿ ಅವರ ಚಪ್ಪಲಿಗಳನ್ನು ಕಂಬದ ಬುಡಕ್ಕೆ ಜೋಡಿಸಿಟ್ಟೆ.

ಫೋನು ಬಂತು. ಆ ಕಡೆ ಹೆಣ್ಣುಮಕ್ಕಳ ಗದ್ದಲ, ತೊಟ್ಟಿಲ ಪದ, ಯಾರೋ ಸುಮ್ಮನಿರಿ ಎಂದು ಗದರಿಸುವುದು ಕೇಳಿಸಿತು. ವಿಶ್ವನಾಥ ತಾನೇ ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದಿರುವುದಾಗಿ ಹೇಳಿ ಮುಗಿಸಿದ ಮೇಲೆ ಎಲ್ಲ ನಿಶ್ಶಬ್ದವಾಯಿತು. ಮಾವನವರು ನನ್ನ ಫೋನನ್ನು ರೊಟ್ಟಿಯ ತುಂಡಿನಂತೆ ಬಾಯಿಯ ಮುಂದೆ ಅಡ್ಡ ಹಿಡಿದರು. ಹೇಳಲು ಬಾಯಿ ತೆರೆದವರು, ನಿಂತು, ನನ್ನ ಕಡೆ ತಿರುಗಿ, ಬೆನ್ನಿಗೆ ಹೊಡೆಯಲು ಸನ್ನೆ ಮಾಡಿದರು.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವರ ಬೆನ್ನಿಗೆ ಉಳಿದವರು ಗುದ್ದುವ ಪದ್ಧತಿ ಇದೆ. ಮನೆಯಲ್ಲಾದರೆ ಹತ್ತು ಹೆಣ್ಣುಮಕ್ಕಳು ನಗುತ್ತ ಗುದ್ದುತ್ತಾರೆ. ಇಲ್ಲಿ ಗುದ್ದಲು ಇದ್ದವನು ನಾನೊಬ್ಬನೇ. ನಡ ಉಳುಕಿದ ಮನುಷ್ಯ, ಅದರಲ್ಲೂ ಹೆಣ್ಣು ಕೊಟ್ಟ ಮಾವ. ಹಿಂಜರಿದೆ. ಅವರು ಮತ್ತೆ ಸನ್ನೆ ಮಾಡಿದರು. ಪಟ್ಟಿಯ ಮೇಲಿನ ಭಾಗ ನೋಡಿ, ಮೆಲ್ಲಗೆ ಗುದ್ದಿದೆ. ಜೋರಾಗಿ ಎಂದು ಕಣ್ಣಲ್ಲೇ ಹೇಳಿದರು. ಜೋರಾಗಿ ಗುದ್ದತೊಡಗಿದೆ.

ಹೀಗೆ ನಾನು ಬರಿಗಾಲಲ್ಲಿ ನಿಂತ ಎಂಬತ್ತು ದಾಟಿದ ಮುದುಕರೊಬ್ಬರನ್ನು ಕಂಬದ ಹಿಂದೆ ನಿಲ್ಲಿಸಿಕೊಂಡು, ಅವರ ಕೈಯಲ್ಲಿ ನನ್ನ ಫೋನು ಇರುವಾಗ, ಬೆನ್ನಿಗೆ ಗುದ್ದುತ್ತಿರುವುದನ್ನು ಬಂದೂಕು ಹಿಡಿದ ಭದ್ರತೆಯವನೊಬ್ಬ ನೋಡಿದ. ನೋಡಿದವನು ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡ. ಓಡಿ ಬಂದು ನನ್ನ ಕೈ ಹಿಡಿದು ತಿರುಚಿ ಹಿಂದಿಯಲ್ಲಿ ಗದರಿಸಿದ. ಭಾರತದ ಮುಖ್ಯ ಭಾಷೆಗಳ ಹಂಚಿಕೆಯನ್ನು ನಕಾಶೆಯಲ್ಲಿ ಗುರುತಿಸಬಲ್ಲ ನನಗೆ ಆ ಹೊತ್ತಿಗೆ ಒಂದು ಭಾಷೆಯೂ ನೆನಪಾಗಲಿಲ್ಲ.

ಮಾವನವರು ಫೋನನ್ನು ಎದೆಗೆ ಮುಚ್ಚಿಕೊಂಡು ಅವನ ಕಡೆ ತಿರುಗಿದರು. ಗಂಜಿನ ವ್ಯಾಪಾರದಲ್ಲಿ ಬೆಳೆದ ಅವರಿಗೆ ದಖನಿ ಉರ್ದು ನಮ್ಮ ಕನ್ನಡದಷ್ಟೇ ಸಲೀಸು.

"ಬಚ್ಚಿ ಕಾ ನಾಂ ರಖ್ ರೈಂ ಬಾಬಾ. ಜರಾ ಠೈರೋ," ಎಂದರು.

ಕೂಸಿಗೆ ಹೆಸರಿಡುತ್ತಿದ್ದೇವೆ, ಸ್ವಲ್ಪ ನಿಲ್ಲು ಎಂದು ಹೇಳಿದ ರೀತಿ ಹೇಗಿತ್ತೆಂದರೆ, ಅವನು ಕೂಸು ಎಲ್ಲಿದೆ ಎಂದು ಸಹ ಕೇಳಲಿಲ್ಲ. ನನ್ನ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಮಾವನವರು ಫೋನನ್ನು ಮತ್ತೆ ಬಾಯಿಗೆ ತಂದರು.

"ಕಸ್ತೂರಿ," ಎಂದರು. ಕೆಮ್ಮಿ ಮತ್ತೆ ಹೇಳಿದರು. "ಕಸ್ತೂರಿ. ನಾ ಬರೋದು ತಡಾ ಆತು, ಸಿಟ್ಟಾಗಬ್ಯಾಡ. ಕಸ್ತೂರಿ."

ಅದನ್ನು ಅವರು ಯಾರಿಗೆ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಗುದ್ದುವುದನ್ನು ನಾನು ಮರೆತು, ಕೈಯನ್ನು ಅವರ ಬೆನ್ನ ಮೇಲೆ ಸುಮ್ಮನೆ ಇಟ್ಟುಕೊಂಡು ನಿಂತಿದ್ದೆ.

ಆ ಕಡೆಯಿಂದ ಕೂಸು ಅಳುವುದು ಕೇಳಿತು. ಆಮೇಲೆ ಸುವರ್ಣಾ ಫೋನು ತೆಗೆದುಕೊಂಡು, ಕೇಳಿತು ಅಪ್ಪಾ, ಎಲ್ಲರಿಗೂ ಕೇಳಿತು, ಕೂಸು ಕಣ್ಣು ಬಿಟ್ಟು ಕೇಳಿತು ಎಂದು ಅಳುತ್ತ ಹೇಳಿದಳು. ಫೋನನ್ನು ನನ್ನ ಕೈಗೆ ಕೊಡಲೂ ಹೇಳಿದಳು. ಫೋನು ನನ್ನ ಕೈಗೆ ಬಂದೊಡನೆ ಅಳು ನಿಂತುಹೋಯಿತು. ಅಪ್ಪನಿಗೆ ಮೊದಲು ಏನಾದರೂ ತಿನ್ನಿಸಿರಿ, ಉಳಿದದ್ದು ಮನೆಗೆ ಬಂದ ಮೇಲೆ ಎಂದಳು. 'ಉಳಿದದ್ದು' ಎಂಬ ಶಬ್ದವನ್ನು ಅವಳು ನಿಧಾನವಾಗಿ ಉಚ್ಚರಿಸಿದಳು.

ಮಾವನವರು ಚೀಲ ಬಿಚ್ಚಿ ಭದ್ರತೆಯವನಿಗೆ ಒಂದು ಅಂಟಿನ ಉಂಡಿ ಕೊಟ್ಟರು. ಬಾಣಂತಿಯ ಶಕ್ತಿಗೆ ಮಾಡಿದ್ದನ್ನು ಅವನು ನಿಂತಲ್ಲೇ ತಿಂದು ಕೈ ಮುಗಿದು ಹೋದ. ನನಗೂ ಒಂದು ಕೊಟ್ಟರು. ಬೇಡ ಎನ್ನುವ ಹಕ್ಕು ನನಗಿರಲಿಲ್ಲ.

ಆ ರಾತ್ರಿ ಹತ್ತಿರದ ಒಂದು ಲಾಡ್ಜಿನಲ್ಲಿ ಉಳಿದು, ಮರುದಿನ ಎರಡನೇ ವಿಮಾನ ಹಿಡಿದೆವು. ಟಿಕೆಟ್ಟಿನಲ್ಲಿ ಬರೆದಂತೆಯೇ ಹನ್ನೆರಡು ಮೂವತ್ತೈದಕ್ಕೆ ಕಲಬುರಗಿಯಲ್ಲಿ ಇಳಿದೆವು. ವಿಶ್ವನಾಥ ಹೊಸ ಹಾರ ತಂದಿದ್ದ. ಮಾವನವರಿಗೆ ಹಾಕಿ, ನನಗೂ ಒಂದು ಹಾಕಿದ. ಜನ ನಿಂತು ನೋಡುತ್ತಿದ್ದರಿಂದ ತೆಗೆಯಲಾಗಲಿಲ್ಲ. ಅದನ್ನು ಹಾಕಿಕೊಂಡೇ ಮನೆವರೆಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಹಾರವನ್ನು ನೋಡಿದಳು, ನನ್ನನ್ನು ನೋಡಿದಳು, ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮಾವನವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಲ್ಗಡಗ ತೊಡಿಸಿದರು. ಗೋಡೆಯ ಮೇಲೆ ಹೊಳೆಯುವ ಅಕ್ಷರಗಳು ಇನ್ನೂ ಇದ್ದವು. ಆದರೆ ಆ ಮಧ್ಯಾಹ್ನವೇ ಸೋದರತ್ತೆ ಅಡಿಗೆಮನೆಯಿಂದ, ಕಸ್ತೂರಿಗೆ ಹಾಲು ಕುಡಿಸಿದಿರೇನು ಎಂದು ಕೂಗಿದ್ದನ್ನು ನಾನು ಕೇಳಿದೆ. ಮಾವನವರೂ ಕೇಳಿದರು. ಟೋಪಿ ತೆಗೆದು ಮುಖ ಒರೆಸಿಕೊಂಡರು. ಸಂಜೆ ವಿಶ್ವನಾಥನ ಕಾರಿನಲ್ಲಿ ಅವರನ್ನು ಹಿಂದೆ ಮಲಗಿಸಿಕೊಂಡು ಹುಮನಾಬಾದಿಗೆ ಬಿಟ್ಟು ಬಂದೆವು. ಚಾಲಕ ನಿಜಕ್ಕೂ ಎತ್ತಿನ ಗಾಡಿಯಂತೆಯೇ ಓಡಿಸಿದ. ಮನೆಗೆ ಬಂದ ಮೇಲೆ ಸುವರ್ಣಾ ಹೇಳಿದ 'ಉಳಿದದ್ದು' ನಮ್ಮಿಬ್ಬರ ನಡುವಿನ ವಿಷಯ. ಅದಕ್ಕೆ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು ಎಂದಷ್ಟೇ ಹೇಳಬಲ್ಲೆ.

ಎರಡು ವಾರದ ಮೇಲೆ ಮಾವನವರನ್ನು ನೋಡಲು ಹೋದೆ. ಕಟ್ಟೆಯ ಮೇಲೆ ನಾಲ್ಕೈದು ಜನ ಹಿರಿಯರು ಕೂತಿದ್ದರು. ನನ್ನನ್ನು ಕಂಡವರೇ ಎದ್ದು ಜಾಗ ಕೊಟ್ಟರು. ಯಾಕೆಂದು ತಿಳಿಯದೆ ಕೂತೆ. ಮಾವನವರು ಕಥೆಯ ನಡುವಿನಲ್ಲಿದ್ದರು. ಅಳಿಯ ತನ್ನನ್ನು ಒಂದಲ್ಲ ಎರಡು ವಿಮಾನದಲ್ಲಿ ಕೂರಿಸಿದ್ದು, ಕೃಷ್ಣೆ ತುಂಗಭದ್ರೆಗಳನ್ನು ಮೇಲಿನಿಂದ ತೋರಿಸಿದ್ದು, ಬೆಂಗಳೂರಿನಲ್ಲಿ ಒಂದ್ರಾತ್ರಿ ಇಳಿಸಿದ್ದು, ಬಂದೂಕಿನ ಸಿಪಾಯಿಯೇ ಬಂದು ಪಕ್ಕದಲ್ಲಿ ನಿಂತದ್ದು ಎಲ್ಲ ಹೇಳಿದರು. ಒಂದು ಮಾತೂ ಸುಳ್ಳಿರಲಿಲ್ಲ. ತಪ್ಪಿ ಹೋದೆವು ಎಂಬ ಒಂದು ಮಾತನ್ನು ಮಾತ್ರ ಅವರು ಎಲ್ಲೂ ಸೇರಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹಿರಿಯರು ನನ್ನನ್ನು ಮೆಚ್ಚಿ ತಲೆದೂಗಿದರು. ಎಂಥಾ ಅಳಿಯ ಎಂದರು. ನಾನು ಚಹಾದ ಬಟ್ಟಲಿನೊಳಗೆ ನೋಡುತ್ತ ಕೂತೆ.

ಕಥೆ ಮುಗಿದ ಮೇಲೆ ಅವರಲ್ಲೊಬ್ಬರು, ಗಂಜಿನಲ್ಲಿ ಮಾವನವರ ಪಕ್ಕದ ಅಂಗಡಿಯವರು, ನನ್ನ ಕಡೆ ಬಾಗಿದರು. ಅವರ ಮಗಳನ್ನೂ ಕಲಬುರಗಿಗೇ ಕೊಟ್ಟಿದ್ದಾರೆ, ಮುಂದಿನ ತಿಂಗಳು ಹೋಗುವುದಿದೆ.

"ನೀವು ತಿಳಿದವ್ರದೀರಿ ಮಾಸ್ತರ," ಎಂದರು. "ಇಲ್ಲಿಂದ ಕಲಬುರಗಿಗೆ ವಿಮಾನದಾಗ ಹೋದ್ರ ಎಷ್ಟು ಹೊತ್ತು ಹಿಡೀತದ್ರಿ?"

ಎಲ್ಲರೂ ನನ್ನನ್ನೇ ನೋಡಿದರು. ಮಾವನವರೂ ಆಗ ನೋಡಿದರು.

ನನಗೆ ಗೊತ್ತಿಲ್ಲ ಎಂದೆ. ಈ ಇಡೀ ಪ್ರಕರಣದಲ್ಲಿ ನಾನು ಕೊಟ್ಟ ಮೊದಲ ಸರಿಯುತ್ತರ ಅದು.